ಕಾರ್ಖಾನೆಗಳ ಸುರಕ್ಷತಾ ತಪಾಸಣೆ ಮತ್ತು ಅದರ ಪೂರ್ವಸಿದ್ಧತೆ

ಕಾರ್ಖಾನೆಯಲ್ಲಿ ದುಡಿಯುವವರ ಪ್ರಾಣಕ್ಕೂ ಅಂಗಾಂಗಗಳಿಗೂ ಆರೋಗ್ಯಕ್ಕೂ ಅಪಾಯ ಒದಗದಂತೆ ಶಾಸನವು ವಿಧಿಸಿರುವ ಏರ್ಪಾಡುಗಳು ಯಥಾವತ್ತಾಗಿ ನಡೆದುಬರುತ್ತಿವೆಯೇ ಎಂಬುದನ್ನು ಸರ್ಕಾರದ ಅಧಿಕಾರಿಯು ಸ್ಥಳಕ್ಕೆ ಬಂದು, ಯಂತ್ರಗಳನ್ನು ನೋಡಿ, ದಾಖಲೆಗಳನ್ನು ಓದಿ, ಕೆಲಸಗಾರರನ್ನು ವಿಚಾರಿಸಿ ನಿರ್ಣಯಿಸುವ ಕಾರ್ಯಕ್ಕೆ ಸುರಕ್ಷತಾ ತಪಾಸಣೆಯೆಂದು ಹೆಸರು. ಕರ್ನಾಟಕದಲ್ಲಿ ಈ ಹೊಣೆಯನ್ನು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯು ಹೊತ್ತಿದೆ. ಹಟ್ಟಿಯ ಚಿನ್ನದ ಗಣಿಯಂಥವು ಈ ಇಲಾಖೆಯ ವ್ಯಾಪ್ತಿಗೆ ಸೇರದೆ, ಧನಬಾದಿನಲ್ಲಿ ಕೇಂದ್ರ ಕಚೇರಿಯುಳ್ಳ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಅಧೀನವಾಗಿವೆ.

ಇತಿಹಾಸ: ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಾಲಕರ ರಕ್ಷಣೆಗಾಗಿ 1802ರಲ್ಲಿಯೇ ಒಂದು ಶಾಸನ ಹುಟ್ಟಿತಾದರೂ, ಅದನ್ನು ಜಾರಿಗೆ ತರತಕ್ಕ ಪ್ರತ್ಯೇಕ ಅಧಿಕಾರಿವರ್ಗವಿಲ್ಲದ್ದರಿಂದ ಅದು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತು. 1833ರ ಶಾಸನದ ಮೇರೆಗೆ ಲೆನರ್ಡ್ ಹಾರ್ನರ್ ಮೊದಲಾದ ನಿರೀಕ್ಷಕರು ನೇಮಕಗೊಂಡ ತರುವಾಯವೇ ತಪಾಸಣೆಗೆ ನಿಜವಾದ ಅಸ್ತಿತ್ವ ಬಂದಿತು. 1844ರಲ್ಲಿ ಯಂತ್ರಗಳಿಗೆ ತಡೆ ಕಟ್ಟಬೇಕೆಂಬ ನಿಯಮವೂ ಕೂಡಿಕೊಂಡಿತು. ಭಾರತದ ಮೊದಲನೆಯ ಕಾರ್ಖಾನೆ ಕಾಯಿದೆಯು 1881ರಲ್ಲಿ ನೂರು ಮಂದಿಯೋ ಅದಕ್ಕೂ ಹೆಚ್ಚಿನವರೋ ದುಡಿಯುವ ಕಾರ್ಖಾನೆಗಳನ್ನು ಮಾತ್ರ ಉದ್ದೇಶಿಸಿ ಬಂದು, 1891, 1911 ಮತ್ತು 1934ರ ಕಾಯಿದೆಗಳ ಮೂಲಕ ವಿಸ್ತಾರಗೊಂಡು, ಕಡೆಗೆ 1948ರ ಕಾಯಿದೆಯಲ್ಲಿ ಪ್ರೌಢರೂಪವನ್ನು ತಾಳಿತು. ಈ ಕಾಯಿದೆಯ ಪ್ರಕಾರ ಯಂತ್ರಶಕ್ತಿಯನ್ನು ಬಳಸುವಲ್ಲಿ ಹತ್ತು ಮಂದಿಯೂ ಬಳಸದಲ್ಲಿ ಇಪ್ಪತ್ತು ಮಂದಿಯೂ ದುಡಿಯುವ ಸ್ಥಳವು ಕಾರ್ಖಾನೆಯೆನಿಸುತ್ತಿತ್ತು. ಇದನ್ನು ಅನುಷ್ಠಾನಕ್ಕೆ ತರುವ ನಿಯಮಗಳು ನಮ್ಮ ರಾಜ್ಯದಲ್ಲಿ 1969ರಲ್ಲಿ ರಚಿತವಾದವು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಮಂದಿ ಮೃತರಾದ ಮೇಲೆ, 1987ರ ತಿದ್ದುಪಡಿಯು ಅಪಾಯಕಾರಿ ಪ್ರಕ್ರಿಯೆಗಳಿಗಾಗಿ ಒಂದು ಹೊಸ ಅಧ್ಯಾಯವನ್ನೇ ಸೇರಿಸಿತು.

ಸಿದ್ಧತೆಯ ಸ್ವರೂಪ: ತಪಾಸಣೆಯ ಸುದ್ದಿ ಬಂದೊಡನೆ ನೆಲ ತೊಳೆಸಿ, ಗೋಡೆಗೆ ಸುಣ್ಣ ಬಳಿಸಿ, ಕೆಲಸಗಾರರ ತಲೆಗೆ ಹೊಸ ಹೆಲ್ಮೆಟ್ಟುಗಳನ್ನು ತೊಡಿಸುವ ಸಂಭ್ರಮವನ್ನೇ ಸಿದ್ಧತೆಯೆಂದು ಭಾವಿಸುವುದುಂಟು. ಆದರೆ 1948ರ ಕಾಯಿದೆಯ ವಿಧಿಗಳನ್ನು ಗಮನಿಸಿದವರಿಗೆ ಅವುಗಳಲ್ಲಿ ಮುಖ್ಯವಾದ ಅನೇಕವು ಕಾಲಬದ್ಧವಾದವೆಂಬುದು ಹೊಳೆಯದೆ ಇರದು. ಕೆಲಸದ ಕೋಣೆಯ ನೆಲವನ್ನು ವಾರಕ್ಕೊಮ್ಮೆಯಾದರೂ ತೊಳೆಯತಕ್ಕದ್ದು. ಸುಣ್ಣವನ್ನು ಹದಿನಾಲ್ಕು ತಿಂಗಳಿಗೊಮ್ಮೆಯೂ, ಬಣ್ಣ ಅಥವಾ ವಾರ್ನಿಷನ್ನು ಐದು ವರ್ಷಗಳಿಗೊಮ್ಮೆಯೂ ಹೊಸತಾಗಿ ಬಳಿಯತಕ್ಕದ್ದು. ಲಿಫ್ಟುಗಳನ್ನು ಅರ್ಹ ತಜ್ಞನು ಆರು ತಿಂಗಳಿಗೊಮ್ಮೆಯೂ, ಕ್ರೇನು, ಸರಪಳಿ, ಹಗ್ಗ ಮುಂತಾದ ಭಾರ ಎತ್ತುವ ಸಾಧನಗಳನ್ನು ಹನ್ನೆರಡು ತಿಂಗಳಿಗೊಮ್ಮೆಯೂ ಪರೀಕ್ಷಿಸಿ ಬರೆದಿಡತಕ್ಕದ್ದು. ಇಂಥ ಕರ್ತವ್ಯಗಳು ಹಿಂದಿನ ದಿನದ ಎಷ್ಟೇ ಶ್ರಮದಿಂದಲೂ ಪೂರೈಸುವಂಥವಲ್ಲ. ವರ್ಷದ ಆದಿಯಲ್ಲಿಯೇ ಪ್ರತಿಯೊಂದರ ಗಡುವನ್ನೂ ಗುರುತಿಸಿದ ಒಂದು ಪಂಚಾಂಗವನ್ನು ಬರೆದು, ಅದರಂತೆ ನಡೆದು, ನಡೆದದ್ದನ್ನು ಅಂದಂದೇ ದಾಖಲಿಸುವುದೇ ಸಿದ್ಧತೆಯ ತಿರುಳು.

ಯಂತ್ರಗಳು: ತಿರುಗುವ ಗಾಲಿ, ಬೆಲ್ಟು, ರಾಟೆ, ಹಲ್ಲುಚಕ್ರಗಳಿಗೆ ಗಟ್ಟಿಯಾದ ತಡೆಯಿದ್ದು, ಯಂತ್ರವು ಚಲಿಸುತ್ತಿರುವಷ್ಟು ಕಾಲವೂ ಆ ತಡೆ ತನ್ನ ಸ್ಥಾನದಲ್ಲಿಯೇ ಇರಬೇಕು. ದುರಸ್ತಿಗಾಗಿ ಬಿಚ್ಚಿದ ತಡೆಯನ್ನು ಮರಳಿ ಕೂಡಿಸದೆ ಗೋಡೆಗೆ ಒರಗಿಸಿಡುವ ಅಭ್ಯಾಸವು ತಡೆಯೇ ಇಲ್ಲದಿರುವುದಕ್ಕಿಂತ ಮೇಲಲ್ಲವಾದುದರಿಂದ, ದುರಸ್ತಿ ಮುಗಿಯಿತೆಂದು ಸಹಿ ಹಾಕುವವನೇ ತಡೆಯ ಮರುಜೋಡಣೆಗೂ ಸಹಿ ಹಾಕುವ ಪದ್ಧತಿ ಇರುವುದು ಉಚಿತ. ತೊಟ್ಟಿ, ಗುಂಡಿ ಮುಂತಾದ ಇಕ್ಕಟ್ಟಿನ ಸ್ಥಳಗಳೊಳಗೆ ಕೊಂಡೊಯ್ಯುವ ವಿದ್ಯುದ್ದೀಪದ ಒತ್ತಡವು ಸಾಮಾನ್ಯವಾಗಿ 24 ವೋಲ್ಟನ್ನು ಮೀರಕೂಡದು.

ಬಾಯ್ಲರುಗಳ ವಿಷಯ ಸ್ವಲ್ಪ ಭಿನ್ನವಾದುದು. 1923ರ ಬಾಯ್ಲರು ಕಾಯಿದೆಯ ಕಾಲದಿಂದ ರೂಢಿಗೊಂಡ ಕ್ರಮದಲ್ಲಿ ಪ್ರಮಾಣಪತ್ರದ ಅವಧಿಯು ಸಾಮಾನ್ಯವಾಗಿ ಹನ್ನೆರಡು ತಿಂಗಳನ್ನು ಮೀರದಾದುದರಿಂದ, ಪರೀಕ್ಷೆಯ ದಿನವು ಒಡೆಯನಿಗೆ ಮುಂಚೆಯೇ ಗೊತ್ತಿರುತ್ತದೆ. ಆ ದಿನಕ್ಕೆ ಬೆಂಕಿಯನ್ನು ಆರಿಸಿ, ಬಾಯ್ಲರನ್ನು ತಣಿಸಿ, ನೀರನ್ನು ಹೊರಬಿಟ್ಟು, ಒಳಗೆ ಕಟ್ಟಿದ ಲವಣದ ಹಕ್ಕಳೆಯನ್ನೂ ಮಸಿಯನ್ನೂ ಕೆರೆದು, ಉರಿಯುತ್ತಿರುವ ಇತರ ಬಾಯ್ಲರುಗಳ ಉಗಿನಳಿಗೆಗಳ ಸಂಬಂಧವನ್ನು ಕಡಿದು, ಒಳಹೋಗುವ ಬಾಯಿಗಳನ್ನು ತೆರೆದಿಡುವುದು ಒಡೆಯನ ಕೆಲಸ.

ಆರೋಗ್ಯ ಮತ್ತು ಕ್ಷೇಮ: ಕುಡಿಯುವ ನೀರಿನ ಸ್ಥಳವನ್ನು ಬಹುಮಂದಿ ಕೆಲಸಗಾರರು ಬಲ್ಲ ಭಾಷೆಯಲ್ಲಿ ಗುರುತಿಸಿ, ಶೌಚಾಲಯ, ತೆರೆದ ಚರಂಡಿ ಮುಂತಾದವುಗಳಿಂದ ಆರು ಮೀಟರಿಗೆ ಕಡಮೆಯಿಲ್ಲದಷ್ಟು ದೂರದಲ್ಲಿ ಇರಿಸಬೇಕು. ಪ್ರತಿ ನೂರೈವತ್ತು ಮಂದಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿರಬೇಕೆಂದು 1948ರ ಕಾಯಿದೆ ಹೇಳಿತು. ಅದು ತರಬೇತಿ ಹೊಂದಿದವನೊಬ್ಬನ ವಶದಲ್ಲಿದ್ದು, ಕೆಲಸದ ವೇಳೆಯಲ್ಲೆಲ್ಲ ಕೈಗೆ ಸಿಗುವಂತಿರಬೇಕಾದುದರಿಂದ, ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಕಚೇರಿಯಲ್ಲಿಟ್ಟರೆ ನಿಯಮವು ಅಕ್ಷರದಲ್ಲಿಯೂ ಪಾಲನೆಯಾಗದು. ಬೆಂಕಿ ಬಿದ್ದಾಗ ಹೊರಬೀಳುವ ದಾರಿಗಳನ್ನು ಸರಕಿನ ರಾಶಿಯಿಂದ ಮುಕ್ತವಾಗಿಡುವುದೂ, ಆ ದಾರಿಗಳನ್ನು ಕೆಲಸಗಾರರಿಗೆ ಅಭ್ಯಾಸ ಮಾಡಿಸುವುದೂ ಅಷ್ಟೇ ಅಗತ್ಯ.

ದಾಖಲೆಗಳು ಮತ್ತು ಸಾಕ್ಷ್ಯ: ಲೈಸೆನ್ಸು, ಅನುಮೋದಿತ ನಕ್ಷೆ, ಹಾಜರಿ ಪುಸ್ತಕ, ಅಪಘಾತಗಳ ರಿಜಿಸ್ಟರು, ಪರೀಕ್ಷಾ ವರದಿಗಳು, ವೈದ್ಯಕೀಯ ತಪಾಸಣೆಯ ಪತ್ರಗಳು ಇವೆಲ್ಲವೂ ಒಂದೆಡೆ ದೊರೆಯುವಂತಿರಬೇಕು. ಕುಶಲನಾದ ನಿರೀಕ್ಷಕನು ಕಾಗದವನ್ನು ಕಾಗದವಾಗಿಯಷ್ಟೇ ಓದದೆ, ವರದಿಯಲ್ಲಿರುವ ಸರಪಳಿಯ ಸಂಖ್ಯೆಯನ್ನು ಕ್ರೇನಿನ ಸರಪಳಿಯ ಮೇಲೆ ಹುಡುಕುತ್ತಾನೆ. ನಕ್ಷೆಯಲ್ಲಿ ಬಾಗಿಲಿರುವಲ್ಲಿ ಗೋಡೆ ಎದ್ದಿದೆಯೇ ಎಂದು ನೋಡುತ್ತಾನೆ. ಅಗ್ನಿಶಾಮಕ ತರಬೇತಿಯ ಪಟ್ಟಿಯಲ್ಲಿ ಹೆಸರಿರುವವನನ್ನು ಕರೆದು, ಬೆಂಕಿ ಹತ್ತಿದರೆ ಮೊದಲು ಮಾಡುವುದೇನೆಂದು ಕೇಳುತ್ತಾನೆ. ಆದುದರಿಂದ ಹಿಂದಿನ ದಿನಾಂಕ ಹಾಕಿ ತುಂಬಿದ ಪುಸ್ತಕವು, ಅಪ್ರಾಮಾಣಿಕವೆಂಬ ದೋಷವಲ್ಲದೆ, ನಿಷ್ಫಲವೆಂಬ ದೋಷವನ್ನೂ ಹೊಂದಿದೆ.

ತಪಾಸಣೆಯ ದಿನ: ನಿರೀಕ್ಷಕನಿಗೆ ಕಾರ್ಖಾನೆಯನ್ನು ಪ್ರವೇಶಿಸಲೂ, ಸ್ಥಳದಲ್ಲಿಯೇ ಹೇಳಿಕೆ ಪಡೆಯಲೂ, ದಾಖಲೆಗಳನ್ನು ತರಿಸಿ ನೋಡಲೂ ಅಧಿಕಾರವಿದೆ, ಕಟ್ಟಡ ಅಥವಾ ಯಂತ್ರದಿಂದ ಪ್ರಾಣಾಪಾಯವು ಸನ್ನಿಹಿತವೆಂದು ಕಂಡರೆ ಅದು ಸರಿಹೋಗುವವರೆಗೆ ಬಳಸಕೂಡದೆಂದು ಲಿಖಿತ ಆಜ್ಞೆಯನ್ನೂ ಹೊರಡಿಸಬಹುದು. ಅವನಿಗೆ ಅಡ್ಡಿಪಡಿಸುವುದು ದಂಡನಾರ್ಹ. ಆದರೆ ತನ್ನನ್ನೇ ಅಪರಾಧಿಯಾಗಿಸುವಂಥ ಉತ್ತರವನ್ನು ಕೊಡುವಂತೆ ಯಾರನ್ನೂ ಬಲಾತ್ಕರಿಸುವಂತಿಲ್ಲ. ವ್ಯವಸ್ಥಾಪಕನು ಜೊತೆಗಿದ್ದು, ಕೇಳಿದುದಕ್ಕೆ ನೇರವಾಗಿ ಉತ್ತರಿಸಿ, ಎತ್ತಿ ತೋರಿಸಿದ ಪ್ರತಿ ನ್ಯೂನತೆಗೂ ಹೊಣೆಗಾರನನ್ನೂ ಗಡುವನ್ನೂ ಗೊತ್ತುಪಡಿಸಿ, ಸರಿಪಡಿಸಿದ ಬಗೆಯನ್ನು ಲಿಖಿತವಾಗಿ ತಿಳಿಸುವುದು ಯುಕ್ತ ಕ್ರಮ.

ಈಚಿನ ಬದಲಾವಣೆ: 1948ರ ಕಾಯಿದೆಯೂ ಸೇರಿ ಹದಿಮೂರು ಕಾಯಿದೆಗಳನ್ನು ಒಂದುಗೂಡಿಸಿದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಇದರಲ್ಲಿ ಕಾರ್ಖಾನೆಯ ವ್ಯಾಖ್ಯೆಯ ಮಿತಿಯು ಯಂತ್ರಶಕ್ತಿಯಿರುವಲ್ಲಿ ಇಪ್ಪತ್ತಕ್ಕೂ ಇಲ್ಲದಲ್ಲಿ ನಲವತ್ತಕ್ಕೂ ಏರಿದೆ. ನಿರೀಕ್ಷಕನಿಗೆ ಸಲಹೆಗಾರನ ಪಾತ್ರವೂ ಕೂಡಿಬಂದಿದ್ದು, ಯಾವ ಕಾರ್ಖಾನೆಗೆ ಯಾವಾಗ ಹೋಗಬೇಕೆಂಬುದನ್ನು ಗಣಕಯಂತ್ರವೇ ಯಾದೃಚ್ಛಿಕವಾಗಿ ಆಯ್ಕೆಮಾಡುವುದಕ್ಕೆ ಅವಕಾಶವಾಗಿದೆ. ಬರುವ ದಿನ ಹೀಗೆ ಮುಂಚಿತವಾಗಿ ತಿಳಿಯದಾಗ, ಕೆಲಸಗಾರರ ಮತ್ತು ಆಡಳಿತದವರ ಪ್ರತಿನಿಧಿಗಳಿರುವ ಸುರಕ್ಷತಾ ಸಮಿತಿಯು ಆಗಾಗ್ಗೆ ತಾನೇ ನಡೆಸುವ ಸ್ವಯಂತಪಾಸಣೆಯು ಕಾರ್ಖಾನೆಗೆ ಸರ್ಕಾರದ ತಪಾಸಣೆಗಿಂತಲೂ ಹೆಚ್ಚಿನ ಆಧಾರವಾಗುತ್ತದೆ.