ದೊಡ್ಡ ಹಡಗು ಅಂದ್ರೆ ದೊಡ್ಡ ರಶ್ಶಾ?

1/4
ಹನಕೆರೆಯಲ್ಲಿ ರೈಲು ಹತ್ತಿ ಮಂಡ್ಯದವರೆಗೂ ಒಂಟಿಕಾಲಲ್ಲಿ ನಿಂತಿದ್ದೀರಲ್ಲ? ಹಾಗಾದ್ರೆ ಹೇಳಿ, 7,600 ಜನ ಹಿಡಿಸೋ ಕ್ರೂಸ್ ಹಡಗಲ್ಲಿ ಉಸಿರಾಡೋಕೆ ಜಾಗ ಇರುತ್ತಾ?

2/4
ಬಿಕಾಂ ಓದ್ತಿರೋದು ಯಾಕೆ, ಲೆಕ್ಕ ಹಾಕೋಣ. ಹಡಗಿನ ಗ್ರಾಸ್ ಟನ್ನೇಜ್ ಅಂದ್ರೆ ತೂಕ ಅಲ್ಲ, ಒಳಗಿನ ಜಾಗದ ಅಳತೆ. ಅದನ್ನ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ.
1912ರ ಟೈಟಾನಿಕ್: 46,328 ÷ 2,435 = 19.
2024ರ ಐಕಾನ್ ಆಫ್ ದಿ ಸೀಸ್: 2,48,663 ÷ 7,600 = ಸುಮಾರು 33.
ಪೂರ್ತಿ ತುಂಬಿದ್ರೂ ಹೊಸದೇ ವಿಶಾಲ!

3/4
ಆದ್ರೆ ಸರಾಸರಿ ನಂಬಿ ಕೂರಬೇಡಿ. ಟೈಟಾನಿಕ್‌ನ ಮೂರನೇ ದರ್ಜೆಯಲ್ಲಿ 700ಕ್ಕೂ ಹೆಚ್ಚು ಜನ, ಸ್ನಾನದ ತೊಟ್ಟಿ ಎರಡೇ. ಈಗಲೂ ಎಲ್ಲರೂ ಒಟ್ಟಿಗೆ ಊಟಕ್ಕೋ ಲಿಫ್ಟಿಗೋ ಬಂದ್ರೆ ಅಲ್ಲೇ ಜಾತ್ರೆ.

4/4
ಕ್ರೂಸ್ ಹಡಗು ನಮ್ಮ ಮಂಗಳೂರಿನ ಪಣಂಬೂರಿಗೂ ಬರುತ್ತೆ. ಮುಂದೊಂದಿನ ಹತ್ತೋದಾದ್ರೆ, ಹಡಗು ಎಷ್ಟು ದೊಡ್ಡದು ಅನ್ನೋಕ್ಕಿಂತ ಮೊದಲು ಟಿಕೆಟ್ ಯಾವ ದರ್ಜೆದು ಅಂತ ಕೇಳಿ.