ಮಳಖೇಡದ ಗಣಿತ, ಮಸ್ಕತ್ತಿನ ಸಮುದ್ರ

ಎಂಟನೇ ತರಗತಿಯವರು ಕನ್ನಡ ಶಾಲೆ ಮುಗಿಸುವ ಮೊದಲು ಒಂದು ಪ್ರಾಜೆಕ್ಟ್ ಮಾಡಬೇಕೆಂಬುದು ನಮ್ಮಲ್ಲಿ ನಿಯಮ. ನಾನು ಆರಿಸಿಕೊಂಡ ವಿಷಯ ಕನ್ನಡ ನಾಡಿನ ಗಣಿತಜ್ಞರು. ವಾರವೆಲ್ಲ ಇಂಗ್ಲಿಷಿನಲ್ಲಿ ಕಲಿಯುವ ಗಣಿತಕ್ಕೂ ಶುಕ್ರವಾರದ ಕನ್ನಡಕ್ಕೂ ಏನಾದರೂ ಸಂಬಂಧವಿದೆಯೇ ಎಂದು ತಿಳಿಯುವ ಆಸೆ ನನಗಿತ್ತು. ಹುಡುಕುತ್ತಾ ಹೋದಾಗ ಸಿಕ್ಕಿದ ಉತ್ತರದಲ್ಲಿ ಮಸ್ಕತ್ತೂ ಇತ್ತು.

ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ಬರೆದರು. ಆಗ ಆಳುತ್ತಿದ್ದವನು ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳ ಗ್ರಂಥಗಳ ಒಂದು ಭಾಗವಾಗಿ ಬರೆದಿದ್ದರು. ಮಹಾವೀರಾಚಾರ್ಯರ ಪುಸ್ತಕವಾದರೋ ಪೂರ್ತಿ ಗಣಿತಕ್ಕೇ ಮೀಸಲು. ಸಂಗೀತ, ವೈದ್ಯ, ವಾಸ್ತು, ಅಡುಗೆ ಎಲ್ಲಕ್ಕೂ ಗಣಿತ ಬೇಕು ಎಂದು ಅವರು ಮೊದಲ ಅಧ್ಯಾಯದಲ್ಲೇ ಹೇಳುತ್ತಾರೆ.

ನಾವು ಭಿನ್ನರಾಶಿ ಕೂಡಿಸಲು ಬಳಸುವ ಲ.ಸಾ.ಅ. ಅವರಲ್ಲಿ 'ನಿರುದ್ಧ' ಎಂಬ ಹೆಸರಿನಿಂದ ಇದೆ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಸ್ಪಷ್ಟವಾಗಿ ಬರೆದರು. ಗುಣಾಕಾರದಲ್ಲಿ ಹಾರದಂಥ ಸಂಖ್ಯೆಗಳನ್ನೂ ಕೊಟ್ಟರು: 139 × 109 = 15151. ಕನ್ನಡದಂತೆ ಎಡದಿಂದ ಓದಿ, ಅರಬ್ಬಿಯಂತೆ ಬಲದಿಂದ ಓದಿ, ಉತ್ತರ ಒಂದೇ. 27994681ನ್ನು 441ರಿಂದ ಗುಣಿಸಿದರೆ 12345654321. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದೂ ಅವರು ಬರೆದಿದ್ದಾರೆ. ಅದು ಸರಿಯಲ್ಲ, ಅಂಥ ಭಾಗಾಕಾರಕ್ಕೆ ಅರ್ಥವೇ ಇಲ್ಲ ಎಂದು ಇಂದು ಕಲಿಯುತ್ತೇವೆ. "ಇದನ್ನೂ ಚಾರ್ಟಿನಲ್ಲಿ ಬರಿ, ಇತಿಹಾಸ ಅಂದರೆ ಬರೀ ಹೊಗಳಿಕೆಯಲ್ಲ" ಎಂದರು ನಮ್ಮ ಟೀಚರ್.

ಈಗ ಮಸ್ಕತ್ತಿನ ವಿಷಯಕ್ಕೆ ಬರುತ್ತೇನೆ. ಕ್ರಿ.ಶ. 851ರ ಒಂದು ಅರಬ್ಬಿ ಪುಸ್ತಕದಲ್ಲಿ ಭಾರತ ಮತ್ತು ಚೀನಾಕ್ಕೆ ಹೋಗುವ ಸಮುದ್ರ ಮಾರ್ಗದ ವಿವರವಿದೆ. ಅದನ್ನು ಸುಲೈಮಾನ್ ಎಂಬ ವರ್ತಕನ ಹೆಸರಿನಿಂದ ಗುರುತಿಸುತ್ತಾರೆ. ಪರ್ಷಿಯಾದ ಸಿರಾಫ್ ಬಂದರಿನಿಂದ ಹೊರಟ ಹಡಗುಗಳು ಮಸ್ಕತ್ತಿನಲ್ಲಿ ಬಾವಿಯ ಸಿಹಿನೀರು ತುಂಬಿಸಿಕೊಳ್ಳುತ್ತಿದ್ದವು. ಗಾಳಿ ಹದವಾಗಿದ್ದರೆ ಅಲ್ಲಿಂದ ಕೇರಳದ ಕೊಲ್ಲಂಗೆ ಒಂದು ತಿಂಗಳ ಪ್ರಯಾಣ. ಜಗತ್ತಿನ ನಾಲ್ವರು ದೊಡ್ಡ ಅರಸರಲ್ಲಿ 'ಬಲ್ಹರಾ' ಒಬ್ಬ, ಅವನು ಕಿವಿ ಚುಚ್ಚಿಸಿಕೊಂಡ ಜನರ ರಾಜ, ಅರಬ್ಬರ ಮೇಲೆ ಬಹಳ ಪ್ರೀತಿಯುಳ್ಳವನು ಎಂದು ಆ ಪುಸ್ತಕ ಹೇಳುತ್ತದೆ. ಬಲ್ಹರಾ ಎಂದರೆ 'ವಲ್ಲಭರಾಜ', ಅಂದರೆ ರಾಷ್ಟ್ರಕೂಟರ ಬಿರುದು. ಆಗ ಸಿಂಹಾಸನದಲ್ಲಿದ್ದವನು ನಮ್ಮ ನೃಪತುಂಗನೇ! ಮಳಖೇಡದಲ್ಲಿ ಗಣಿತದ ಪುಸ್ತಕ ಸಿದ್ಧವಾದ ಕಾಲದಲ್ಲೇ ಮಸ್ಕತ್ತಿನ ನಾವಿಕರಿಗೆ ಆ ರಾಜ್ಯದ ಹೆಸರು ಗೊತ್ತಿತ್ತು.

ಭಾರತದ ಅಂಕಿಗಳು ಇದಕ್ಕೂ ಮೊದಲೇ ಪಶ್ಚಿಮಕ್ಕೆ ಹೋಗಿದ್ದವು. ಕ್ರಿ.ಶ. 662ರಲ್ಲಿಯೇ ಸಿರಿಯಾದ ವಿದ್ವಾಂಸ ಸೆವೆರಸ್ ಸೆಬೋಖ್ತ್ ಭಾರತೀಯರ ಒಂಬತ್ತು ಅಂಕಿಗಳನ್ನು ಮೆಚ್ಚಿ ಬರೆದಿದ್ದ. ಬಾಗ್ದಾದಿನ ಅಲ್ ಖ್ವಾರಿಜ್ಮಿ ಸುಮಾರು 825ರಲ್ಲಿ ಅವುಗಳಿಂದ ಲೆಕ್ಕ ಮಾಡುವ ಕ್ರಮದ ಬಗ್ಗೆ ಪುಸ್ತಕ ಬರೆದರು. ಅವರ ಹೆಸರಿನಿಂದಲೇ 'ಅಲ್ಗಾರಿದಮ್' ಎಂಬ ಪದ ಬಂದಿದೆ. ಒಮಾನಿನ ಕಾರುಗಳ ನಂಬರ್ ಪ್ಲೇಟಿನಲ್ಲಿ ಎರಡು ಬಗೆಯ ಅಂಕಿಗಳನ್ನು ನಾವು ದಿನಾ ನೋಡುತ್ತೇವೆ. ಅವುಗಳಲ್ಲಿ ಅರಬ್ಬಿ ಬಗೆಯದನ್ನು ಅರಬ್ಬರು ಇಂದಿಗೂ 'ಹಿಂದಿಯ್ಯ', ಅಂದರೆ ಭಾರತದ ಅಂಕಿ ಎನ್ನುತ್ತಾರೆ. ಅವರ ಐದು ನಮ್ಮ ಕನ್ನಡದ ಸೊನ್ನೆಯಂತೆ ಕಾಣುತ್ತದೆ. ಅವರ ಸೊನ್ನೆ ಒಂದು ಚುಕ್ಕಿ.

ಕನ್ನಡದಲ್ಲೇ ಗಣಿತ ಬರೆದವರು 12ನೇ ಶತಮಾನದ ರಾಜಾದಿತ್ಯ. 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಅವರ ಕೃತಿಗಳು. ಹಾಗಾದರೆ ಎಂಟುನೂರು ವರ್ಷಗಳಿಗೂ ಹಿಂದೆಯೇ ಕನ್ನಡದಲ್ಲಿ ಲೆಕ್ಕ ಕಲಿಯಬಹುದಿತ್ತು. ನಾವು ಇಲ್ಲಿನ ಮಕ್ಕಳು ಕನ್ನಡವನ್ನು ಹಾಡಿಗೆ, ಹಬ್ಬಕ್ಕೆ, ಅಜ್ಜಿಯ ಫೋನಿಗೆ ಮಾತ್ರ ಇಟ್ಟುಕೊಂಡಿದ್ದೇವೆ. ಯೋಚನೆ ಮಾಡಲು ಬಳಸದ ಭಾಷೆ ಎಷ್ಟು ದಿನ ನಮ್ಮ ಹತ್ತಿರ ಉಳಿದೀತು?

ಆರನೇ ತರಗತಿಯಲ್ಲಿರುವ ನನ್ನ ತಮ್ಮನಿಗೆ ಮೈನಸ್ ಸಂಖ್ಯೆಗಳು ತಲೆಗೆ ಹತ್ತುತ್ತಿರಲಿಲ್ಲ. ಕೈಯಲ್ಲಿರುವ ಹಣ 'ಧನ', ತೀರಿಸಬೇಕಾದ ಸಾಲ 'ಋಣ' ಎಂದು ನಾನು ಹೇಳಿದೆ. "ಐದು ರಿಯಾಲ್ ಸಾಲ ಇದ್ದು ಮೂರು ಕೊಟ್ಟರೆ ಇನ್ನೂ ಎರಡು ಋಣ!" ಎಂದು ಅವನೇ ಲೆಕ್ಕ ಮಾಡಿದ. ಊರಿನಲ್ಲಿರುವ ಅಜ್ಜ ಫೋನಿನಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಹೇಳಿಕೊಟ್ಟರು.

ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ವಿನಂತಿ: ಅಂಗಡಿಯ ಚಿಲ್ಲರೆಯನ್ನೂ ಅಡುಗೆಯ ಅಳತೆಯನ್ನೂ ಮನೆಯಲ್ಲಿ ಕನ್ನಡದಲ್ಲೇ ಎಣಿಸಿ. ಪ್ರಾಜೆಕ್ಟಿಗಾಗಿ ಸಂಗ್ರಹಿಸಿದ ಕನ್ನಡ ಗಣಿತ ಪದಗಳ ಪಟ್ಟಿಯನ್ನು ತರಗತಿಯ ಗೋಡೆಗೆ ಅಂಟಿಸಿದ್ದೇನೆ. ಕೆಳಗೆ ಜಾಗ ಬಿಟ್ಟಿದ್ದೇನೆ. ಮುಂದಿನ ವರ್ಷದವರು ಇನ್ನಷ್ಟು ಪದಗಳನ್ನು ಸೇರಿಸಲಿ.