ಕಾಂಗರೂ: ಪ್ರಭೇದಗಳು, ನೆಲೆಗಳು ಮತ್ತು ಭಾರತದಲ್ಲಿನ ಇತಿಹಾಸ

ಕಾಂಗರೂ ಆಸ್ಟ್ರೇಲಿಯ ಮತ್ತು ನ್ಯೂಗಿನಿಗಳ ಸಹಜ ನಿವಾಸಿಯಾದ ಸಸ್ಯಾಹಾರಿ ಸಸ್ತನಿ. ಹೊಟ್ಟೆಯ ಚೀಲದಲ್ಲಿ ಮರಿಯನ್ನು ಬೆಳೆಸುವುದು ಇದರ ವೈಶಿಷ್ಟ್ಯ. ಇದು ಸೇರುವ ಮ್ಯಾಕ್ರೊಪೊಡಿಡೇ ಕುಟುಂಬದಲ್ಲಿ ವಾಲಬಿ, ವಾಲರೂ, ಮರ ಕಾಂಗರೂ ಮುಂತಾದ 60ಕ್ಕೂ ಹೆಚ್ಚು ಪ್ರಭೇದಗಳಿವೆ. ಭಾರತದ ಯಾವ ಕಾಡಿನಲ್ಲೂ ಕಾಂಗರೂ ಇಲ್ಲ. ಇಲ್ಲಿನ ಜನ ಅದನ್ನು ಕಂಡದ್ದು ಮೃಗಾಲಯಗಳಲ್ಲಿ. ಈಚಿನ ವರ್ಷಗಳಲ್ಲಿ ಕಳ್ಳಸಾಗಣೆಯ ಸುದ್ದಿಗಳಲ್ಲಿ.

ಪರಿಚಯದ ಇತಿಹಾಸ

ಆಸ್ಟ್ರೇಲಿಯದ ಮೂಲನಿವಾಸಿಗಳಿಗೆ ಕಾಂಗರೂ ಹಳೆಯ ಒಡನಾಡಿ. ವಾಯವ್ಯದ ಕಿಂಬರ್ಲಿ ಪ್ರದೇಶದ ಬಂಡೆಯಾಸರೆಯೊಂದರಲ್ಲಿರುವ ಕಾಂಗರೂ ಚಿತ್ರಕ್ಕೆ ಸುಮಾರು 17,300 ವರ್ಷವಾಗಿದೆ ಎಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಯುರೋಪಿಯನ್ನರಲ್ಲಿ ಡಚ್ ನಾವಿಕ ಫ್ರಾನ್ಸಿಸ್ಕೊ ಪೆಲ್ಸಾರ್ಟ್ 1629ರಲ್ಲಿ ಪಶ್ಚಿಮ ಕರಾವಳಿಯ ದ್ವೀಪಗಳಲ್ಲಿ ವಾಲಬಿಗಳನ್ನು ಕಂಡು ವಿವರಿಸಿದ. 1770ರಲ್ಲಿ ಜೇಮ್ಸ್ ಕುಕ್ ಮತ್ತು ಜೋಸೆಫ್ ಬ್ಯಾಂಕ್ಸ್ ಕ್ವೀನ್ಸ್‌ಲ್ಯಾಂಡಿನ ಎಂಡೆವರ್ ನದಿಯ ಬಳಿ ತಂಗಿದ್ದಾಗ, ಸ್ಥಳೀಯ ಗೂಗು ಯಿಮಿಥಿರ್ ಜನರಿಂದ ಪ್ರಾಣಿಯ ಹೆಸರನ್ನು ಕೇಳಿ ಬರೆದುಕೊಂಡರು. 1790ರಲ್ಲಿ ಜಾರ್ಜ್ ಶಾ ಪೂರ್ವದ ಬೂದು ಕಾಂಗರೂವಿಗೆ ‘ಮ್ಯಾಕ್ರೋಪಸ್ ಜೈಗಾಂಟಿಯಸ್’ ಎಂಬ ಶಾಸ್ತ್ರೀಯ ನಾಮವನ್ನು ಸ್ಥಿರಗೊಳಿಸಿದ.

ಪ್ರಭೇದಗಳು ಮತ್ತು ನೆಲೆಗಳು

ಗಾತ್ರದಲ್ಲಿ ದೊಡ್ಡದಾದ ನಾಲ್ಕು ಪ್ರಭೇದಗಳನ್ನು ಸಾಮಾನ್ಯವಾಗಿ ಕಾಂಗರೂ ಎನ್ನುತ್ತಾರೆ. ಕೆಂಪು ಕಾಂಗರೂ ಮಳೆ ಕಡಿಮೆಯಿರುವ ಒಳನಾಡಿನ ಬಯಲುಗಳಲ್ಲಿದೆ. ಬದುಕಿರುವ ಚೀಲಸಸ್ತನಿಗಳಲ್ಲೆಲ್ಲ ಇದೇ ದೊಡ್ಡದು. ಬಲಿತ ಗಂಡು 85 ಕಿಲೋ ದಾಟುವುದುಂಟು. ಪೂರ್ವದ ಬೂದು ಕಾಂಗರೂ ಪೂರ್ವ ಆಸ್ಟ್ರೇಲಿಯ ಮತ್ತು ಟಾಸ್ಮೇನಿಯದ ಕಾಡಂಚು, ಹುಲ್ಲುಗಾವಲುಗಳಲ್ಲಿ ಮೇಯುತ್ತದೆ. ಪಶ್ಚಿಮದ ಬೂದು ಕಾಂಗರೂ ದಕ್ಷಿಣದ ಉದ್ದಕ್ಕೂ ಹರಡಿದ್ದರೆ, ಆಂಟಿಲೋಪಿನ್ ಕಾಂಗರೂ ಉತ್ತರದ ಉಷ್ಣವಲಯದ ಹುಲ್ಲುಗಾಡಿನಲ್ಲಿದೆ. ಮರ ಕಾಂಗರೂಗಳ ಹೆಚ್ಚಿನ ಪ್ರಭೇದಗಳು ನ್ಯೂಗಿನಿಯ ಮಳೆಕಾಡುಗಳಲ್ಲೂ ಎರಡು ಪ್ರಭೇದಗಳು ಕ್ವೀನ್ಸ್‌ಲ್ಯಾಂಡಿನಲ್ಲೂ ಇವೆ. ದಕ್ಷಿಣದಲ್ಲಿದ್ದ ಟೂಲಾಷ್ ವಾಲಬಿ ಬೇಟೆ ಮತ್ತು ನೆಲೆನಾಶದಿಂದ ಅಳಿದುಹೋಯಿತು. ಸೆರೆಯಲ್ಲಿದ್ದ ಅದರ ಕೊನೆಯ ಪ್ರಾಣಿ 1939ರಲ್ಲಿ ಸತ್ತಿತು.

ಜೀವನಕ್ರಮ

ಕೆಂಪು ಕಾಂಗರೂವಿನ ಗರ್ಭಾವಧಿ ಕೇವಲ 33 ದಿನ. ಹುಟ್ಟಿದ ಮರಿ ಅವರೆಕಾಳಿಗಿಂತ ತುಸು ದೊಡ್ಡದು, ತೂಕ ಒಂದು ಗ್ರಾಮಿಗೂ ಕಡಿಮೆ. ಕಣ್ಣು ತೆರೆಯದ, ಮೈಯಲ್ಲಿ ರೋಮವಿಲ್ಲದ ಆ ಜೀವ ಮುಂಗಾಲುಗಳಿಂದ ತಾಯಿಯ ತುಪ್ಪಳವನ್ನು ಹಿಡಿದು, ತಾನೇ ಚೀಲಕ್ಕೆ ಏರಿ ಮೊಲೆತೊಟ್ಟಿಗೆ ಕಚ್ಚಿಕೊಳ್ಳುತ್ತದೆ. ಸುಮಾರು ಎಂಟು ತಿಂಗಳ ನಂತರ ಚೀಲವನ್ನು ಪೂರ್ತಿ ಬಿಡುತ್ತದೆ. ಚೀಲದಲ್ಲಿ ಒಂದು ಮರಿ ಇರುವಾಗ ಗರ್ಭದಲ್ಲಿನ ಮುಂದಿನ ಭ್ರೂಣದ ಬೆಳವಣಿಗೆಯನ್ನು ತಡೆಹಿಡಿಯುವ ಶಕ್ತಿ ತಾಯಿಗಿದೆ. ಒಂದೇ ವೇಳೆ ಎರಡು ಮೊಲೆಗಳಲ್ಲಿ, ಎರಡು ವಯಸ್ಸಿನ ಮರಿಗಳಿಗೆ ತಕ್ಕಂಥ ಬೇರೆ ಬೇರೆ ಹಾಲನ್ನೂ ಅದು ಉಣಿಸಬಲ್ಲದು. ಬರ ಮತ್ತು ಮಳೆ ನಿಯತವಿಲ್ಲದ ನೆಲದಲ್ಲಿ ಈ ಪ್ರಾಣಿ ಉಳಿದುಬಂದದ್ದು ಹೀಗೆ.

ಭಾರತದಲ್ಲಿ

2022ರ ಮಾರ್ಚ್‌ನಲ್ಲಿ ಪಶ್ಚಿಮ ಬಂಗಾಳದ ಅಲಿಪುರದ್ವಾರ ಜಿಲ್ಲೆಯಲ್ಲಿ ಲಾರಿಯಲ್ಲಿ ಸಾಗಿಸುತ್ತಿದ್ದ ಕಾಂಗರೂ ಒಂದು ಸಿಕ್ಕಿಬಿತ್ತು. ಏಪ್ರಿಲ್ ಮೊದಲ ವಾರ ಜಲ್ಪೈಗುರಿ ಜಿಲ್ಲೆಯ ರಸ್ತೆಬದಿಗಳಲ್ಲಿ ಇನ್ನೂ ಮೂರು ಕಾಂಗರೂಗಳನ್ನು ಅರಣ್ಯ ಸಿಬ್ಬಂದಿ ಗಾಯಗೊಂಡ ಸ್ಥಿತಿಯಲ್ಲಿ ರಕ್ಷಿಸಿ, ಚಿಕಿತ್ಸೆಗಾಗಿ ಬೆಂಗಾಲ್ ಸಫಾರಿಗೆ ಕಳಿಸಿದರು. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರೊಬ್ಬರ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳು 234 ಪ್ರಾಣಿಗಳನ್ನು ವಶಪಡಿಸಿಕೊಂಡರು. ಅವುಗಳಲ್ಲಿದ್ದ ಕಾಂಗರೂ ಮರಿ ಉಸಿರುಗಟ್ಟಿ ಸತ್ತಿತ್ತು.

ಇಂಥ ಸಾಗಣೆಯನ್ನು ತಡೆಯುವ ಕೆಲಸದಲ್ಲಿ ಕಸ್ಟಮ್ಸ್‌ಗೆ ನೆರವಾಗುವ ಕೇಂದ್ರ ಸಂಸ್ಥೆ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ. ವನ್ಯಜೀವಿ ಕಾಯ್ದೆಗೆ ಸಂಸತ್ತು 2006ರಲ್ಲಿ ತಂದ ತಿದ್ದುಪಡಿಯಿಂದ ರೂಪುಗೊಂಡ ಇದರ ಕಚೇರಿ ದೆಹಲಿಯ ಭಿಕಾಜಿ ಕಾಮಾ ಪ್ಲೇಸ್‌ನಲ್ಲಿದೆ.

2022ರ ವನ್ಯಜೀವಿ ತಿದ್ದುಪಡಿ ಕಾಯ್ದೆ, ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ನಾಲ್ಕನೆಯ ಅನುಸೂಚಿಗೆ ಸೇರಿಸಿತು. ಕೆಲವು ವಾಲಬಿ, ಮರ ಕಾಂಗರೂಗಳು ಆ ಪಟ್ಟಿಯಲ್ಲಿವೆ. ಕೆಂಪು ಕಾಂಗರೂ ಇಲ್ಲ. ಹೀಗಾಗಿ ಅಕ್ರಮವಾಗಿ ತಂದ ಕೆಂಪು ಕಾಂಗರೂವಿನ ವಿಷಯದಲ್ಲಿ 1962ರ ಕಸ್ಟಮ್ಸ್ ಕಾಯ್ದೆ ಮತ್ತು ಆಮದು ನಿಯಮಗಳೇ ಮುಖ್ಯ ಆಧಾರ. ಆಸ್ಟ್ರೇಲಿಯ ತನ್ನ ಮೂಲ ಸಸ್ತನಿಗಳನ್ನು ವ್ಯಾಪಾರಕ್ಕಾಗಿ ಜೀವಂತ ರಫ್ತು ಮಾಡಲು ಬಿಡುವುದಿಲ್ಲ. ಆದ್ದರಿಂದ ಇಲ್ಲಿ ಯಾರಾದರೂ ಕಾಂಗರೂ ಮರಿಯನ್ನು ಮಾರಲು ತೋರಿಸಿದರೆ ಕೊಳ್ಳಬಾರದು. ಅರಣ್ಯ ಇಲಾಖೆಗೆ ಕೂಡಲೇ ತಿಳಿಸಬೇಕು. ಕೊಳ್ಳುವವರಿಲ್ಲದಿದ್ದರೆ ಈ ಸಾಗಣೆ ತಾನಾಗಿಯೇ ನಿಲ್ಲುತ್ತದೆ.